ಹತ್ತರಿಂದ ಎರಡರ ತನಕದ ಹೆಂಗಸು

"ಹಂಗಾರ ಎದಿಗಂಟಿನ ಗುಳಿಗಿ ನುಂಗೋದು ನಮಗ್ಯಾಕ ಹೇಳಲಿಲ್ರಿ ಅಕ್ಕಾರ?" ಎಂದಳು ನಸೀಮಾ, ಪರದೆಯಿಂದ ಕಣ್ಣು ಕೀಳದೆ.

ಕೌಸಲ್ಯಾಬಾಯಿ ಹಿಂದೆ ತಿರುಗಿ ನೋಡಿದಳು, ಬೆನ್ನ ಹಿಂದೆ ಬೇರೆ ಯಾರೋ ಅಕ್ಕಾರು ಕೂತಿರಬೇಕು ಅಂತ. ಯಾರೂ ಇರಲಿಲ್ಲ. ಗೋಡೆಯ ಮೇಲೆ ನಗುವ ಹೆಂಗಸೊಬ್ಬಳ ಚಿತ್ರವಿತ್ತು, ಅಷ್ಟೇ.

"ಯಾವ ಗುಳಿಗಿವಾ?"

"ಟ್ಯಾಮೊಕ್ಸಿಫೆನ್. ಎದಿಯೊಳಗ ಕೆಟ್ಟ ಗಂಟಾಗಿ ತಗಸಿದವ್ರು, ಅದು ಮತ್ತ ಬರಬಾರದಂತ ವರ್ಷಗಟ್ಟಲೆ ತಗೋತಾರಲ್ರಿ, ಅದು. ನಿಮ್ಮ ಬೆವರಿನ್ಯಾಗ ಐತಿ."

"ನನ್ನ ಎದಿಯೊಳಗ ಮೂವತ್ತು ವರ್ಷದಿಂದ ನಮ್ಮ ಮನಿಯವ್ರೊಬ್ರು ಗಂಟಾಗಿ ಕೂತಾರ. ಬ್ಯಾರೆ ಯಾ ಗಂಟೂ ಇಲ್ಲವಾ."

ನಸೀಮಾ ನಗಲಿಲ್ಲ. ಈ ಮನೋಮಾಪನ ಕೇಂದ್ರದಲ್ಲಿ ಅವಳು ಎರಡು ವರ್ಷದಿಂದ ಹೆಂಗಸರ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತ, ಬಿಚ್ಚುತ್ತ ಇದ್ದವಳು. ಹೆಂಗಸರು ಗಂಡನಿಂದ, ಅತ್ತೆಯಿಂದ, ಡಾಕ್ಟರರಿಂದ ಏನೇನು ಮುಚ್ಚಿಡುತ್ತಾರೆಂಬುದು ಅವಳಿಗೆ ಬಾಯಿಪಾಠ. "ಮನಿಯೊಳಗ ಗೊತ್ತಿಲ್ಲಂದ್ರ ನಾವೇನು ಹೇಳಾಕ ಹೋಗಂಗಿಲ್ರಿ," ಎಂದಳು ದನಿ ತಗ್ಗಿಸಿ. "ಆದ್ರ ಶಾಸ್ತ್ರಿಗೆ ಸುಳ್ಳು ಹೇಳಬಾರದು."

ಶಾಸ್ತ್ರಿ ಅಂದರೆ ಒಳಕೋಣೆಯಲ್ಲಿ ಕಪಾಟಿನಷ್ಟು ಎತ್ತರಕ್ಕೆ ನಿಂತಿದ್ದ ಆಯ್ಕೆಯಂತ್ರ. ಅದಕ್ಕೊಂದು ಉದ್ದನೆಯ ಸರ್ಕಾರಿ ಹೆಸರಿತ್ತು. ಗದಗ-ಬೆಟಗೇರಿಯ ಹೆಂಗಸರು ಅದನ್ನು ಮೂರೇ ದಿನಕ್ಕೆ ಕಿತ್ತೆಸೆದು ಶಾಸ್ತ್ರಿ ಎಂದು ಕರೆದಿದ್ದರು, ಜಾತಕ ನೋಡಿ ಹೊಂದುತ್ತದೋ ಇಲ್ಲವೋ ಹೇಳುವವನು ಅಂತ. ಮೊದಲೆಲ್ಲ ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸು ಮನಸ್ಸು ಕುಸಿದಿದೆ ಎಂದು ಹೋದರೆ ಡಾಕ್ಟರು ಒಂದು ಗುಳಿಗೆ ಕೊಟ್ಟು ಆರು ವಾರ ಕಾಯುತ್ತಿದ್ದರು. ಒಗ್ಗದಿದ್ದರೆ ಇನ್ನೊಂದು, ಮತ್ತೆ ಆರು ವಾರ. ಗುಡಿಯ ಮುಂದೆ ಬಿಟ್ಟ ಚಪ್ಪಲಿಗಳ ರಾಶಿಯಲ್ಲಿ ಒಂದೊಂದೇ ಮೆಟ್ಟಿ ನೋಡಿದ ಹಾಗೆ. ಶಾಸ್ತ್ರಿ ಬಂದ ಮೇಲೆ ಆ ಪರದಾಟ ತಪ್ಪಿತ್ತು. ಏಳು ದಿನ ಪಟ್ಟಿ ಕಟ್ಟಿಕೊಂಡರೆ ಸಾಕು. ನಾಡಿ, ನಿದ್ದೆ, ಮೈಗೇರುವ ಝಳ, ಬೆವರಿನಲ್ಲಿ ಇಳಿಯುವ ಲವಣ, ಅದರಲ್ಲಿ ತೇಲುವ ಔಷಧದ ಕಣ ಎಲ್ಲವನ್ನೂ ಅದು ಗಂಟೆಗಂಟೆಗೆ ಬರೆದುಕೊಳ್ಳುತ್ತಿತ್ತು. ಎಂಟನೆಯ ದಿನ ಯಂತ್ರ ಇಪ್ಪತ್ತೆರಡು ಗುಳಿಗೆಗಳಲ್ಲಿ ಆ ಮೈಗೆ ಕೂಡುವ ಒಂದನ್ನು ಆರಿಸಿ ಹಸಿರು ದೀಪ ಹಚ್ಚುತ್ತಿತ್ತು.

ಕೌಸಲ್ಯಾಬಾಯಿಗೆ ಹಚ್ಚಿದ್ದು ಕೆಂಪು.

"ಪಟ್ಟಿಗೆ ಪಾಳಿ ಉದ್ದ ಐತಿ, ನಲವತ್ತು ದಿನ ಕಾಯಬೇಕು ಅಂತ ಡಾಕ್ಟರ್ ನಿಮಗ ಅಲ್ಲೀತನಕ ಪ್ಯಾರೊಕ್ಸೆಟಿನ್ ಗುಳಿಗಿ ಕೊಟ್ಟಿದ್ರಲ್ಲ," ನಸೀಮಾ ವಿವರಿಸಿದಳು. "ಝಳಕ್ಕೂ ಛಲೋ, ಮನಸ್ಸಿಗೂ ಛಲೋ. ಆದ್ರ ಎದಿಗಂಟಿನ ಗುಳಿಗಿಗೂ ಇದಕ್ಕೂ ಆಗಿಬರಂಗಿಲ್ರಿ. ಎರಡೂ ಒಂದ ಮೈಯಾಗ ಇರಬಾರದು. ಅದಕ್ಕ ಶಾಸ್ತ್ರಿ ನಿಂತಬಿಟ್ಟಾನ."

"ನಿಮ್ಮ ಶಾಸ್ತ್ರಿ ಕಣ್ಣಿಗೆ ಪೊರೆ ಬಂದಿರಬೇಕು."

"ಪಟ್ಟಿ ಬಿಚ್ಚಿ ಎಲ್ಲೆರ ಇಟ್ಟಿದ್ರೇನ್ರಿ?"

"ಒಂದು ನಿಮಿಷ ಖಾಲಿ ಬಿಟ್ಟಿಲ್ಲ. ವಿಠ್ಠಲನ ಆಣಿ."

ಅದು ನಿಜವೇ ಆಗಿತ್ತು. ಪಟ್ಟಿ ಕಟ್ಟುವಾಗ ನಸೀಮಾ ಹೇಳಿದ್ದಳು: ಏಳು ದಿನ ಇದು ಖಾಲಿ ಇರಬಾರದು, ಎಣಿಕೆ ಕಡಿದರೆ ಮತ್ತೆ ಮೊದಲಿನಿಂದ ಪಾಳಿ. ಕೌಸಲ್ಯಾಬಾಯಿ ಅದನ್ನು ಸಪ್ತಾಹದ ವ್ರತದಷ್ಟು ಶ್ರದ್ಧೆಯಿಂದ ಪಾಲಿಸಿದ್ದಳು.

ನಸೀಮಾ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದುಕೊಂಡಳು. "ನಾಡಿದ್ದ ಬರ್ರಿ. ಅಷ್ಟರಾಗ ಇದರ ಪರೀಕ್ಷೆ ಆಗಿರತೈತಿ, ಡಾಕ್ಟರೂ ಬಂದಿರತಾರ. ಈಗಿನ ಗುಳಿಗಿ ಮಾತ್ರ ಒಮ್ಮೆಲೆ ಬಿಡಬ್ಯಾಡ್ರಿ, ತಲಿ ಗಿರ್ ಅಂತೈತಿ."

ತಲೆ ಆಗಲೇ ಗಿರ್ ಅನ್ನುತ್ತಿತ್ತು. ಬೆಟಗೇರಿಯ ಆಟೋದಲ್ಲಿ ಕೂತ ಕೌಸಲ್ಯಾಬಾಯಿ ಒಂದೊಂದೇ ಎಳೆ ಬಿಡಿಸಿದಳು. ತಾನು ನುಂಗದ ಗುಳಿಗೆ ತನ್ನ ಬೆವರಲ್ಲಿ ಇದೆ. ಯಂತ್ರ ಸುಳ್ಳು ಹೇಳಿದ್ದರೆ ಅದು ಬೇರೆ ಮಾತು. ಹೇಳಿರದಿದ್ದರೆ, ತನಗೆ ಗೊತ್ತಿಲ್ಲದ ಹಾಗೆ ಯಾರೋ ಅದನ್ನು ತನ್ನ ಹೊಟ್ಟೆಗೆ ಹಾಕುತ್ತಿದ್ದಾರೆ. ತನಗೆ ಹೊರಗಿನ ನೀರೂ ಸೇರುವುದಿಲ್ಲ. ತಿನ್ನುವುದೆಲ್ಲ ತಾನೇ ಮಾಡಿದ್ದು.

ಒಂದನ್ನು ಬಿಟ್ಟು. ಬೆಳಗಿನ ಚಹ.

ಗಂಡ ನಾಮದೇವರಾಯ ಮದುವೆಯಾಗಿ ಮೂವತ್ತು ವರ್ಷ ಒಂದು ಲೋಟ ನೀರು ತಾನಾಗಿ ತುಂಬಿಕೊಂಡವನಲ್ಲ. ಈ ಶ್ರಾವಣದಿಂದ ದಿನಾ ಬೆಳಗ್ಗೆ ಎದ್ದು ಚಹ ಮಾಡುತ್ತಿದ್ದ. ಯಾಕೆ ಎಂದರೆ "ಸುಮ್ನ" ಅನ್ನುತ್ತಿದ್ದ.

ಬೆಟಗೇರಿಯ ಆ ಮನೆಯಲ್ಲಿ ಮುಂದಿನ ಪಡಸಾಲೆ ನಾಮದೇವರಾಯನದು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಹೊಲಿಗೆಯಂತ್ರ, ನೀಲಿ ಬಟ್ಟೆಯ ಥಾನು, ಸೀಮೆಸುಣ್ಣ. ಅದೇ ಪಡಸಾಲೆಯ ಕಿಟಕಿಯ ಬದಿ ಅವನ ತಂಗಿ ಪ್ರಮಿಳಾಳದು. ಗಂಡ ತೀರಿದ ಮೇಲೆ ಹದಿನೈದು ವರ್ಷದ ಹಿಂದೆ ತವರಿಗೆ ಬಂದು, ಸೀರೆಗಳಿಗೆ ಫಾಲು ಹಚ್ಚುತ್ತ ಅಲ್ಲೇ ಬೇರೂರಿದವಳು. ಹಿಂದಿನ ಅಡುಗೆಮನೆ ಕೌಸಲ್ಯಾಬಾಯಿಯದು. ದಿನಾ ಹತ್ತರಿಂದ ಎರಡರ ತನಕ ಎರಡು ಖಾನಾವಳಿಗಳಿಗೆ ಇನ್ನೂರು ಜೋಳದ ರೊಟ್ಟಿ. ಬಡಿಯುವ ಸಪ್ಪಳಕ್ಕೂ ಹೊಲಿಗೆಯ ಸಪ್ಪಳಕ್ಕೂ ನಡುವಿನ ಗೋಡೆ ಹೊಂದಿಕೊಂಡುಬಿಟ್ಟಿತ್ತು.

"ಏನಂದ ವೈನಿ ಶಾಸ್ತ್ರಿ? ಕನ್ಯಾ ಕೂಡಿತೋ ಇಲ್ಲೋ?" ಪ್ರಮಿಳಾ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಅತ್ತಿಗೆಯನ್ನು ಕೇಳಿದಳು.

"ಕೂಡಿಲ್ಲ. ನಾಡಿದ್ದ ಮತ್ತ ಬರ್ರಿ ಅಂದ್ರು."

"ನಿನ್ನಂಥಾಕಿಗೆ ವರ ಸಿಗೂದು ಅಷ್ಟು ಸರಳ ಏನು?" ಪ್ರಮಿಳಾ ನಕ್ಕಳು. "ಆ ಮ್ಯಾಗಿನ ಗಂಟು ತಗದು ಕೊಡು ಬಾ. ನನ್ನ ಎಡಗೈ ಇನ್ನೂ ಏಳವಲ್ದು."

ಆಷಾಢದಲ್ಲಿ ಹುಬ್ಬಳ್ಳಿಯ ದಿಂಡಿಯ ಭಕ್ತರ ಜೊತೆ ಪಂಢರಪುರದ ವಾರಿಗೆ, ಆ ಕಾಲ್ನಡಿಗೆಯ ಯಾತ್ರೆಗೆ, ಹೋಗಿ ಬಂದಾಗಿನಿಂದ ಅವಳ ಎಡಗೈ ಹಾಗೇ. ಇಪ್ಪತ್ತು ದಿನ ಪತಾಕೆ ಹಿಡಿದು ನಡೆದದ್ದಕ್ಕೆ ಹೆಗಲು ಹಿಡಿದಿದೆ ಎಂದಿದ್ದಳು. ವಾರಿಯಿಂದ ಬಂದವರು ವಿಠ್ಠಲನನ್ನೇ ಮುಟ್ಟಿ ಬಂದವರು. ಬಾಗಿಲಲ್ಲಿ ಅವಳನ್ನು ನಿಲ್ಲಿಸಿ ಬಿಸಿನೀರಿನಿಂದ ಪಾದ ತೊಳೆದು ಕೌಸಲ್ಯಾಬಾಯಿ ಆ ನೀರನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಆ ಪಾದಗಳು ಅಷ್ಟು ದೂರ ನಡೆದೂ ಎಷ್ಟು ಮೆತ್ತಗಿದ್ದವು ಎಂದು ಆಗ ಅವಳಿಗೆ ಅನ್ನಿಸಿತ್ತು. ದೇವರ ಮಹಿಮೆ ಅಂದುಕೊಂಡಿದ್ದಳು.

ಗಂಟು ಇಳಿಸಿಕೊಟ್ಟು ಒಳಗೆ ಬಂದವಳು ಕಪಾಟಿನಿಂದ ತನ್ನ ಗುಳಿಗೆಯ ಡಬ್ಬಿ ತೆಗೆದಳು. ಎಣಿಸುವ ಚಟ ಅವಳಿಗೆ ರೊಟ್ಟಿಯಿಂದ ಬಂದದ್ದು. ಅರವತ್ತು ಕೊಟ್ಟಿದ್ದರು. ದಿನಕ್ಕೊಂದು, ನಲವತ್ತೆಂಟು ದಿನ. ಹನ್ನೆರಡು ಉಳಿಯಬೇಕು.

ಐದಿದ್ದವು.

ಮತ್ತೆ ಎಣಿಸಿದಳು. ಡಬ್ಬಿ ಕೊಡವಿದಳು. ಐದೇ. ಅವಳು ಅಲ್ಲೇ ಕಟ್ಟೆಯ ಮೇಲೆ ಕೂತಳು. ತನ್ನ ಗುಳಿಗೆ ಹೋಗುತ್ತಿದೆ, ಯಾರದೋ ಗುಳಿಗೆ ತನ್ನೊಳಗೆ ಬರುತ್ತಿದೆ. ಅದಲುಬದಲು! ಯಾರೋ ಬೇಕಂತಲೇ ಮಾಡುತ್ತಿದ್ದಾರೆ. ಮನಸ್ಸು ಕುಸಿದವಳ ಮಾತನ್ನು ಯಾರು ನಂಬುತ್ತಾರೆ? ಈ ಆರು ತಿಂಗಳಲ್ಲಿ ಅವಳು ಕಾರಣವಿಲ್ಲದೆ ಅತ್ತದ್ದನ್ನು, ಹಿಟ್ಟು ನಾದುತ್ತ ನಾದುತ್ತ ಕೈಬಿಟ್ಟು ಗೋಡೆ ನೋಡುತ್ತ ನಿಂತದ್ದನ್ನು ಮನೆಮಂದಿ ಎಲ್ಲ ನೋಡಿದ್ದರು. "ವಯಸ್ಸಿಂದು, ತಾನ ಹೋಗತೈತಿ" ಎಂದವರೇ ಎಲ್ಲ. ಈಗ ಇದನ್ನು ಹೇಳಿದರೆ ಅದನ್ನೂ ವಯಸ್ಸಿನ ಖಾತೆಗೆ ಹಾಕಿಬಿಡುತ್ತಾರೆ.

ಮರುದಿನ ಬೆಳಗ್ಗೆ ನಾಮದೇವರಾಯ ಚಹ ತಂದಿಟ್ಟ. ಅವಳು ಕಪ್ಪನ್ನು ಮೂಸಿದಳು. ಕಪ್ಪಿನ ಕೆಳಗಿನ ಬಸಿ ಎತ್ತಿ ಬೆಳಕಿಗೆ ಹಿಡಿದು ತಳ ನೋಡಿದಳು.

"ಏನ ನೋಡಾಕತ್ತಿ? ನೊಣ ಬಿದ್ದೈತೇನು?"

"ಇದನ್ನ ನೀವು ಕುಡೀರಿ. ನಿಮ್ಮದು ನನಗ ಕೊಡ್ರಿ."

"ಯಾಕ?"

"ಸುಮ್ನ."

ಅವನು ಅವಳ ಮುಖವನ್ನೊಮ್ಮೆ ನೋಡಿ ಕಪ್ಪು ಬದಲಿಸಿ ಗಟಗಟ ಕುಡಿದ. "ಸಕ್ರಿ ಜಾಸ್ತಿ ಆಗೇತಿ. ನಿನಗ ಹಿಂಗ ಬೇಕಲಾ ಅಂತ ಎರಡು ಚಮಚ ಹಾಕಿದ್ದೆ." ವಿಷ ಹಾಕುವವನು ಹೀಗೆ ಮೀಸೆ ಒರೆಸಿಕೊಳ್ಳುವುದಿಲ್ಲ ಎಂದು ಅವಳಿಗೆ ಅರೆಮನಸ್ಸಿನ ಸಮಾಧಾನವಾಯಿತು. ಆದರೆ ಅವನು ಖಾಲಿ ಕಪ್ಪು ಎತ್ತಿಕೊಂಡು ಹೋಗುವಾಗ ಪಡಸಾಲೆಯ ಕಿಟಕಿಯ ಬದಿಯಿಂದ ಇನ್ನೊಂದು ಕಪ್ಪನ್ನೂ ಎತ್ತಿಕೊಂಡ. ಪ್ರಮಿಳಾಳಿಗೂ ಕೊಡುತ್ತಾನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ತನಗಿಂತ ಮೊದಲೇ ಕೊಟ್ಟಿದ್ದ. ಏನೋ ಇದೆ. ಈ ಮನೆಯಲ್ಲಿ ತನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿರುವ ಏನೋ ಇದೆ.

ಹೇಳಿದ ದಿನ ಕೇಂದ್ರಕ್ಕೆ ಹೋದಾಗ ನಸೀಮಾಳ ಮುಖದಲ್ಲಿ ಮೊದಲಿನ ಬಿಗಿ ಇರಲಿಲ್ಲ. "ತಪ್ಪಾತ್ರಿ ಅಕ್ಕಾರ. ನಿಮ್ಮ ರಕ್ತದಾಗ ಎದಿಗಂಟಿನ ಗುಳಿಗಿ ಗುರುತ ಇಲ್ಲ. ಒಂದು ಚೂರೂ ಇಲ್ಲ."

"ನಾ ಹೇಳಲಿಲ್ಲ?" ಕೌಸಲ್ಯಾಬಾಯಿ ಸೆರಗು ಎಳೆದುಕೊಂಡಳು. "ನಿಮ್ಮ ಶಾಸ್ತ್ರಿನ್ನ ಗುಜರಿಗೆ ಹಾಕ್ರಿ."

"ಅದ ನಮಗೂ ತಿಳೀವಲ್ದು. ಒಳಗ ಬರ್ರಿ, ಡಾಕ್ಟರ್ ಕರೀತಾರ."

ಒಳಕೋಣೆ ತಣ್ಣಗಿತ್ತು. ಶಾಸ್ತ್ರಿ ಮೂಲೆಯಲ್ಲಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಡಾಕ್ಟರ್ ಸರೋಜಾ ಹಾವನೂರ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ನಿಂತಿದ್ದರು. ಪರದೆಯ ಮೇಲೆ ಗುಡ್ಡ, ಕಣಿವೆ, ಗುಡ್ಡ, ಕಣಿವೆ. ಏಳು ಸಾಲು.

"ಇದು ನಿಮ್ಮ ವಾರ, ಕೌಸಲ್ಯಾಬಾಯಿ. ಒಂದೊಂದು ಸಾಲು ಒಂದೊಂದು ದಿನ. ಇಲ್ಲಿ ನೋಡ್ರಿ, ಬೆಳಗಿನ ಝಾವ ಝಳ ಏರೇತಿ. ಇಲ್ಲಿ ನಿದ್ದಿ ಕಡದೇತಿ. ಮೂರನೇ ದಿನ ಸಂಜಿಮುಂದ ನೀವು ಭಾಳ ಅತ್ತೀರಿ."

ಕೌಸಲ್ಯಾಬಾಯಿಗೆ ತನ್ನ ಸೀರೆ ಜಾರಿದಷ್ಟು ನಾಚಿಕೆಯಾಯಿತು. ಹಿತ್ತಲಲ್ಲಿ ಒಬ್ಬಳೇ ಅತ್ತದ್ದು ಅದು.

"ಈಗ ಇದನ್ನ ನೋಡ್ರಿ." ಡಾಕ್ಟರ್ ಕೈಯಾಡಿಸಿದರು. ಏಳೂ ಸಾಲುಗಳ ನಡುವೆ ನೆಟ್ಟಗೆ ಒಂದು ಕಂಬದ ಹಾಗೆ ಕೇಸರಿ ಬಣ್ಣ ತುಂಬಿಕೊಂಡಿತು. "ಎದಿಗಂಟಿನ ಗುಳಿಗಿ ಗುರುತು ಇಷ್ಟರಾಗ ಅಷ್ಟ ಐತಿ. ಏಳೂ ದಿನ, ದಿನಾ ಹತ್ತರಿಂದ ಎರಡರ ತನಕ. ಆಮ್ಯಾಲ ಮಾಯ. ನಾಡಿನೂ ಬ್ಯಾರೆ ಬಡೀತೈತಿ. ಶಾಸ್ತ್ರಿ ಎಲ್ಲಾ ಕೂಡಿಸಿ, ಸರಾಸರಿ ತಗದು, ಇಲ್ಲದ ಒಬ್ಬ ಹೆಂಗಸಿಗೆ ಔಷಧ ಹುಡುಕಾಕತ್ತಿದ್ದ. ಹತ್ತರಿಂದ ಎರಡರ ತನಕ ನೀವು ಏನು ಮಾಡ್ತೀರಿ?"

"ರೊಟ್ಟಿ ಬಡೀತೀನ್ರಿ."

"ಪಟ್ಟಿ ಕಟಗೊಂಡ?"

"ಪಟ್ಟಿ ಕಟಗೊಂಡು ಹೆಂಗ್ರಿ ಬಡೀಲಿಕ್ಕ ಆಗತೈತಿ? ಬಳಿನೂ ಮ್ಯಾಲ ಸರಿಸಿರ್ತೀನಿ. ಹಿಟ್ಟು ಮೆತ್ತತೈತಿ, ಹಂಚಿನ ಉರಿ..." ಮಾತು ಅಲ್ಲಿಗೇ ನಿಂತಿತು.

ಸಪ್ತಾಹದಲ್ಲಿ ಏಳು ದಿನ ಅಖಂಡ ಭಜನೆ. ಅಷ್ಟೂ ಹೊತ್ತು ಒಬ್ಬರು ವೀಣೆ ಹೊತ್ತು ನಿಂತಿರಬೇಕು. ಅದು ನೆಲ ಮುಟ್ಟಬಾರದು, ಹೆಗಲು ಖಾಲಿ ಇರಬಾರದು. ನಿಂತವರಿಗೆ ಹಸಿವೋ ಆಯಾಸವೋ ಆದರೆ ಇನ್ನೊಬ್ಬರು ಬಂದು, ನಮಸ್ಕಾರ ಮಾಡಿ, ಆ ಕೊರಳಿನಿಂದ ಈ ಕೊರಳಿಗೆ ವೀಣೆ ಹಾಕಿಕೊಳ್ಳುತ್ತಾರೆ. ಯಾರ ಕೊರಳಾದರೇನು, ವೀಣೆ ನಿಲ್ಲಲಿಲ್ಲವಲ್ಲ. ಕೌಸಲ್ಯಾಬಾಯಿ ಹುಟ್ಟಿದಾಗಿನಿಂದ ಕಂಡದ್ದು ಅದು. ಏಳು ದಿನ ಖಾಲಿ ಇರಬಾರದು ಎಂದಾಗ ಅವಳಿಗೆ ಬೇರೆ ಹೇಗೆ ಅರ್ಥವಾಗಬೇಕು? ದಿನಾ ಹತ್ತಕ್ಕೆ ಹಿಟ್ಟು ನಾದುವ ಮುಂಚೆ ಪಡಸಾಲೆಗೆ ಹೋಗಿ, ಪಟ್ಟಿ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಪ್ರಮಿಳಾಳ ಕೈಗೆ ಕಟ್ಟಿ ಬರುತ್ತಿದ್ದಳು. "ಹಿಡಿ ವೀಣಾ," ಅನ್ನುತ್ತಿದ್ದಳು. "ಜೈ ಹರಿ," ಅನ್ನುತ್ತಿದ್ದಳು ಪ್ರಮಿಳಾ.

ವಾರಿ. ಮೆತ್ತನೆಯ ಪಾದ. ಏಳದ ಎಡಗೈ.

"ಬ್ಯಾರೆ ಯಾರಿಗೆರ ಕಟ್ಟಿದ್ರೇನು?" ಡಾಕ್ಟರ್ ಮೆಲ್ಲಗೆ ಕೇಳಿದರು.

"ಇಲ್ರಿ," ಎಂದಳು ಕೌಸಲ್ಯಾಬಾಯಿ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳೇ ಬೆಚ್ಚಿದಳು. ನೋಡಿದರೆ ಎದುರಿನವರಿಬ್ಬರೂ ನಂಬಿರಲಿಲ್ಲ.

"ಹೆಸರು ನನಗ ಬ್ಯಾಡ." ಡಾಕ್ಟರ್ ಕನ್ನಡಕ ತೆಗೆದರು. "ಆದ್ರ ಇದೊಂದು ನೋಡ್ರಿ. ಆ ಹೊತ್ತಿನ್ಯಾಗ ಎದಿಗಂಟಿನ ಗುಳಿಗಿ ಜೋಡಿ ಪ್ಯಾರೊಕ್ಸೆಟಿನ್ ಗುರುತೂ ಐತಿ. ಅಂದ್ರ ಆ ಹೆಂಗಸು ಎರಡನ್ನೂ ನುಂಗಾಕತ್ತಾಳ. ಎದಿಗಂಟಿನ ಗುಳಿಗಿ ಇದ್ದಂಗ ಕೆಲಸ ಮಾಡಂಗಿಲ್ಲ. ಹೊಟ್ಟಿಗೆ ಹೋದಮ್ಯಾಲ ಯಕೃತ್ತು ಅದನ್ನ ಬದಲು ಮಾಡಿ ಹದಕ್ಕ ತರಬೇಕು, ಆವಾಗ ಅದಕ್ಕ ಕಸುವು. ಪ್ಯಾರೊಕ್ಸೆಟಿನ್ ಹೋಗಿ ಆ ಕೆಲಸಾನ ಬಂದ್ ಮಾಡತೈತಿ. ಆಕಿ ದಿನಾ ಗುಳಿಗಿ ತಗೋತೀನಿ, ಕಾವಲಿದ್ದೀನಿ ಅಂತ ತಿಳದಿರತಾಳ. ಒಳಗ ಕಾವಲ ಇಲ್ಲ."

ಡಬ್ಬಿಯಲ್ಲಿ ಏಳು ಕಡಿಮೆ. ಪಟ್ಟಿ ಕಟ್ಟಿದ್ದೂ ಏಳು ದಿನ.

"ಏಳ ದಿನ ಆಗಿದ್ರ... ಏನೂ ಆಗಿರಂಗಿಲ್ಲಲ್ರಿ?"

"ಏಳ ದಿನಕ್ಕ ಹೆದರೂ ಕಾರಣ ಇಲ್ಲ. ಏಳ ತಿಂಗಳ ಆಗಬಾರದು. ಆಕಿ ನಾಳೆ ನನ್ನ ಮುಂದ ಕೂಡಬೇಕು. ಮನಸ್ಸಿಗೂ ಝಳಕ್ಕೂ ಆಕಿಗೆ ಹೊಂದೂ ಗುಳಿಗಿ ಬ್ಯಾರೆ ಅದಾವು, ವೆನ್ಲಾಫ್ಯಾಕ್ಸಿನ್ ಅಂತ ಒಂದು ಐತಿ, ಅದು ಆ ಕಾವಲಿಗೆ ಅಡ್ಡ ಬರೂದು ಭಾಳ ಕಡಿಮಿ. ನಿಮಗ ಯಾವುದು ಅನ್ನೂದು ಮತ್ತ ಬ್ಯಾರೆ ಮಾತು. ಇಬ್ಬರಿಗೂ ಬ್ಯಾರೆಬ್ಯಾರೆ ಪಟ್ಟಿ ಕಟ್ಟೋಣ."

ಮನೆಗೆ ಬಂದಾಗ ನಾಮದೇವರಾಯ ಶಾಲೆಗೆ ಅಳತೆ ತೆಗೆಯಲು ಹೋಗಿದ್ದ. ಪ್ರಮಿಳಾ ಕಿಟಕಿಯ ಬದಿ ಹಸಿರು ಸೀರೆಯೊಂದನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಕುತ್ತಿಗೆಯ ಸುತ್ತ ಬೆವರು ಮಡುಗಟ್ಟಿತ್ತು, ಬೀಸಣಿಗೆ ಬಿದ್ದಿತ್ತು. ಈ ಬೀಸಣಿಗೆಯನ್ನು ಎಷ್ಟು ಸಲ ನೋಡಿದ್ದೇನೆ, ಇದು ಸೆಕೆಯದಲ್ಲ ಎಂದು ನನಗೇಕೆ ಹೊಳೆಯಲಿಲ್ಲ ಎಂದುಕೊಂಡಳು ಕೌಸಲ್ಯಾಬಾಯಿ. ತನ್ನ ಝಳದ ಎಣಿಕೆಯಲ್ಲೇ ಮುಳುಗಿದ್ದವಳು.

ಎದುರಿಗೆ ಕೂತಳು. "ಪ್ರಮಿ, ಪಂಢರಪುರದಾಗ ಈ ಸಲ ಚಂದ್ರಭಾಗಾ ನೀರು ಹೆಂಗಿತ್ತು?"

"ತುಂಬಿ ಹರೀತಿತ್ತು. ಯಾಕ?"

"ದಿಂಡಿಯೊಳಗ ಯಾರ ಮಗ್ಗಲಕ ಮಲಗತಿದ್ದಿ?"

"ಏನು ಪೊಲೀಸರಗತೆ ಕೇಳ್ತಿ?"

"ನಾ ನಿನ್ನ ಪಾದ ತೊಳದ ನೀರು ಕಣ್ಣಿಗೆ ಹಚಗೊಂಡೇನಿ. ಕೇಳೂ ಹಕ್ಕು ಐತಿ ನನಗ."

ಪ್ರಮಿಳಾಳ ಸೂಜಿ ಸೀರೆಯಲ್ಲಿ ನಿಂತಿತು. ಆಮೇಲೆ ಬಂದ ದನಿ ಅವಳದಲ್ಲದ ಹಾಗೆ ತೆಳ್ಳಗಿತ್ತು. "ಬೇಕಂತ ಕಟ್ಟಿದಿ, ಹೌದಲ್ಲ? ವೀಣಾ ಅಂದಿ, ಹರಿ ಅಂದಿ, ಕಣ್ಣಿಗೊತಗೊಂಡು ನನ್ನ ಕೈಗೆ ಕಟ್ಟಿದಿ. ನನ್ನ ಮೈಯಾಗಿಂದು ತಿಳಕೊಳ್ಳಾಕ."

"ಏನಂದಿ?"

"ಇನ್ನೇನು! ಒಂದು ದಿನ ಅಲ್ಲ, ಏಳು ದಿನ. ಅನುಮಾನ ಇದ್ರ ಬಾಯಿಬಿಟ್ಟು ಕೇಳಬೇಕಿತ್ತು. ಹಿಂಗ ಬಲಿ ಒಡ್ಡೂದಲ್ಲ ವೈನಿ."

ಕೌಸಲ್ಯಾಬಾಯಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಕೊನೆಗೆ ಎರಡೂ ಕೂಡಿ ಬಂದವು. "ಹೌದವಾ, ನಾ ದೊಡ್ಡ ಪತ್ತೇದಾರಿ! ಇನ್ನೂರು ರೊಟ್ಟಿ ಬಡದು ಬೆನ್ನು ಬಿದ್ದಾಕಿಗೆ ನಿನ್ನ ಬೆವರು ಕದಿಯೂದ ಕೆಲಸ. ಪಾಳಿ ಕಡದೀತಂತ ಕೊಟ್ಟೆ. ನಮ್ಮ ಮನ್ಯಾಗ ಒಬ್ಬರ ಹೆಗಲಿಂದ ಇಳದಿದ್ದು ಇನ್ನೊಬ್ಬರ ಹೆಗಲ ಮ್ಯಾಗ ಹೋಗತೈತಿ ಅಂತ ಕೊಟ್ಟೆ. ನೀ ಏನು ಮಾಡಿದಿ? ನನ್ನ ಡಬ್ಬಿಯೊಳಗ ಕೈ ಹಾಕಿದಿ. ಏಳು ಗುಳಿಗಿ. ಕೇಳಿದ್ರ ಕೊಡತಿದ್ದಿಲ್ಲೇನು?"

"ಕೇಳಿದ್ರ ಯಾಕ ಅಂತ ನೀ ಕೇಳತಿದ್ದಿ."

ಪ್ರಮಿಳಾ ಸೀರೆಯನ್ನು ಪಕ್ಕಕ್ಕಿಟ್ಟಳು. ಒಂದೊಂದೇ ಮಾತು ಹೊರಬಂತು. ಜ್ಯೇಷ್ಠದಲ್ಲಿ ಗಂಟು ಕೈಗೆ ಸಿಕ್ಕಿದ್ದು. ಬೆಳಗಾವಿಯ ಆಸ್ಪತ್ರೆಯಲ್ಲಿ ತೆಗೆಸಿದ್ದು. ವಾರಿ ಎಂದು ಹೇಳಿ ಅಲ್ಲಿ ಮಲಗಿದ್ದು. ಪ್ರಸಾದದ ಚುರುಮುರಿಯನ್ನು ದಿಂಡಿಯ ಗೆಳತಿಯೊಬ್ಬಳು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ತಂದುಕೊಟ್ಟದ್ದು. ಆಮೇಲೆ ಹದಿನೈದು ದಿನ ಸೀರೆ ಕೊಟ್ಟು ಬರುವ ನೆವದಲ್ಲಿ ಹುಬ್ಬಳ್ಳಿಗೆ ಹೋಗಿ ಕಿರಣ ಹಾಯಿಸಿಕೊಂಡದ್ದು.

"ಗಂಟು ಹೋತು, ಗುಳಿಗಿ ಬಂತು. ಗುಳಿಗಿ ಬಂದು ಈ ಸುಡಗಾಡು ಝಳ ಬಂತು. ಅಳು ಬಂತು. ಫಾಲು ಹಚ್ಚತಿರತೀನಿ, ಟಪ್ ಅಂತ ಹನಿ ಸೀರಿ ಮ್ಯಾಗ ಬೀಳತೈತಿ. ಗಿರಾಕಿ ಸೀರಿ! ನೀ ಅಂದಿ, ಈ ಗುಳಿಗಿ ತಗೊಂಡಮ್ಯಾಲ ಒಂದೀಟು ತಂಪಾಗೇತಿ ಅಂತ. ಮೊದಲನೇ ದಿನ ನೀ ಪಟ್ಟಿ ಕಟ್ಟಿದಾಗ ಅನ್ನಿಸ್ತು, ನನ್ನೂ ಒಬ್ರು ನೋಡಾಕತ್ತಾರ ಅಂತ. ಆವತ್ತ ಡಬ್ಬಿ ತಗದೆ. ಒಂದ ಮನಿ, ಒಂದ ವಯಸ್ಸು, ಒಂದ ಸಂಕಟ. ತಲಿನೋವಿನ ಗುಳಿಗಿ ಹಂಚಿಕೊಳ್ಳಂಗಿಲ್ಲೇನು ನಾವು?"

"ಇದು ತಲಿನೋವಿಂದಲ್ಲವಾ." ಕೌಸಲ್ಯಾಬಾಯಿ ಡಾಕ್ಟರ್ ಹೇಳಿದ್ದನ್ನು ಹೇಳಿದಳು, ಕಾವಲಿನ ಮಾತನ್ನೂ ಸೇರಿಸಿ. ಪ್ರಮಿಳಾಳ ಕೈ ತಾನಾಗಿ ಎಡ ಎದೆಯ ಮೇಲೆ ಹೋಯಿತು.

"ಮತ್ತ ಬಂದಿರತೈತೇನು?"

"ಏಳ ದಿನಕ್ಕ ಹೆದರಬ್ಯಾಡ್ರಿ ಅಂದಾರ. ನಾಳೆ ಇಬ್ರೂ ಹೋಗೂಣು."

"ನಿಜಾ ಅಂದಾರೋ, ನೀ ನನಗ ಸಮಾಧಾನ ಹೇಳ್ತಿಯೋ?"

"ನಾಳೆ ನೀನ ಕೇಳು. ಈ ಮನ್ಯಾಗ ಯಾರ ಮಾತೂ ಯಾರೂ ನಂಬಂಗಿಲ್ಲ ಅಂತ ಆಗೇತಿ. ನಾ ನಿಮ್ಮಣ್ಣನ ಚಹಾ ಮೂಸಿ ನೋಡೀನಿ ನಿನ್ನೆ!"

ಪ್ರಮಿಳಾಳಿಗೆ ಆ ಅಳುವಿನ ನಡುವೆಯೂ ನಗು ಉಕ್ಕಿತು. ಮರುಕ್ಷಣ ವೈನಿಯ ಮಣಿಕಟ್ಟು ಹಿಡಿದಳು. "ಅಣ್ಣಗ ಹೇಳಬ್ಯಾಡ. ನಮ್ಮವ್ವ ಇದರಾಗ ಹೋದಾಕಿ. ಆಕಿ ಹಾಸಿಗಿ ಬದಲಿ ಮಾಡಿದಾಂವ ಅಂವನ. ಆಮ್ಯಾಲ ಒಂದು ವರ್ಷ ಮಾತಾಡಿಲ್ಲ ಅಂವ. ಇನ್ನೊಮ್ಮೆ ಅದನ್ನ ನೋಡಾಕ ಅಂವನ ಕಡೆ ಆಗಂಗಿಲ್ಲ."

"ಹೇಳಂಗಿಲ್ಲ," ಎಂದಳು ಕೌಸಲ್ಯಾಬಾಯಿ.

ಮರುದಿನ ರೊಟ್ಟಿಗೆ ರಜೆ. ಖಾನಾವಳಿಯವರಿಗೆ ಮೈಗೆ ಹುಷಾರಿಲ್ಲ ಎಂದು ಫೋನು ಮಾಡಿದ್ದಾಯಿತು. ಅದಾದರೂ ಸುಳ್ಳಲ್ಲವಲ್ಲ ಎಂದುಕೊಂಡಳು. ಆ ಹೆಂಗಸಿನ ಆಸ್ಪತ್ರೆಯ ಕಾಗದಗಳನ್ನೆಲ್ಲ ತರಬೇಕೆಂದು ನಸೀಮಾ ನಿನ್ನೆ ಹೇಳಿದ್ದಳು. ಪ್ರಮಿಳಾ ಒಳಕೋಣೆಯಲ್ಲಿ ಟ್ರಂಕಿನ ಮುಂದೆ ಕೂತವಳು ಒಮ್ಮೆಲೆ ಕರೆದಳು.

"ವೈನಿ! ಫೈಲು ಇಲ್ಲ."

"ತಳದಾಗ ನೋಡು."

"ತಳದಾಗ ಇಟ್ಟಿದ್ದೆ. ಅವ್ವನ ಸೀರಿ ಕೆಳಗ. ಸೀರಿ ಮಡಿಕಿ ಬದಲಾಗೇತಿ. ಯಾರೋ ತಗದಾರ!" ಅವಳ ಕಣ್ಣುಗಳು ಮತ್ತೆ ಕೌಸಲ್ಯಾಬಾಯಿಯ ಮುಖದ ಮೇಲೆ ನಿಂತವು. ನಿನ್ನೆಯ ಅದೇ ನೋಟ.

"ನಾನಲ್ಲ ಪ್ರಮಿ," ಎಂದಳು ಕೌಸಲ್ಯಾಬಾಯಿ.

ಇಬ್ಬರೂ ಪಡಸಾಲೆಗೆ ಬಂದರು. ನಾಮದೇವರಾಯ ಹೊಲಿಗೆಯಂತ್ರದ ಮೇಲೆ ಬಾಗಿದ್ದ. ಪಕ್ಕದ ಕುರ್ಚಿಯ ಮೇಲೆ ಎರಡು ನೀರಿನ ಬಾಟಲಿ, ಒಂದು ಕೊಡೆ, ಮತ್ತು ಶಾಲೆಯ ನೀಲಿ ಬಟ್ಟೆಯಲ್ಲಿ ಹೊಲಿದ ಒಂದು ಹೊಸ ಚೀಲ. ಸರಿಯಾಗಿ ಫೈಲಿನ ಅಳತೆ, ಒಳಗೆ ಅದೇ ಫೈಲು. ಬಾಯಿಗೆ ಗುಂಡಿ, ಅಂಚಿಗೆ ಎರಡು ಸಾಲು ಹೊಲಿಗೆ, ಹೆಗಲ ಪಟ್ಟಿಯೊಳಗೆ ಹತ್ತಿ. ಅದು ಒಂದು ದಿನದಲ್ಲಿ ಹೊಲಿದದ್ದಲ್ಲ. ಮಡಿಕೆಗಳಲ್ಲಿ ಧೂಳು ಕೂತಿತ್ತು.

ಕೌಸಲ್ಯಾಬಾಯಿಗೆ ಶ್ರಾವಣದಿಂದ ಬರುತ್ತಿದ್ದ ಚಹದ ಕಪ್ಪುಗಳೆಲ್ಲ ಒಮ್ಮೆಲೆ ಕಣ್ಣ ಮುಂದೆ ಬಂದವು. ಕಿಟಕಿಯ ಬದಿಗೆ ಮೊದಲ ಕಪ್ಪು, ತನಗೆ ಎರಡನೆಯದು. ಅವಳ ಅನುಮಾನ ಅರ್ಧ ಸರಿಯಾಗಿಯೇ ಇತ್ತು. ಅವನಿಗೂ ಎಲ್ಲ ಗೊತ್ತಿತ್ತು, ಮುಚ್ಚಿಟ್ಟಿದ್ದ.

ಪ್ರಮಿಳಾ ಚೀಲ ಎತ್ತಿಕೊಂಡಳು. ಎಡ ಹೆಗಲಿಗೆ ಹಾಕಿಕೊಳ್ಳಹೋದಳು.

"ಬಲಕ್ಕ ಹಾಕ್ಕೊ," ಎಂದ ನಾಮದೇವರಾಯ, ತಲೆ ಎತ್ತದೆ. "ಎಡಕ್ಕ ಭಾರ ಬ್ಯಾಡ ಅಂದಾರಲಾ."

ಪ್ರಮಿಳಾ ಚೀಲವನ್ನು ಬಲ ಹೆಗಲಿಗೆ ಬದಲಿಸಿದಳು. ಹೊಲಿಗೆಯಂತ್ರದಲ್ಲಿ ದಾರ ಕಡಿದಿತ್ತು. ನಾಮದೇವರಾಯ ದಾರದ ತುದಿ ಹಿಡಿದು ಸೂಜಿಯ ಕಣ್ಣಿಗೆ ಒಮ್ಮೆ ಚುಚ್ಚಿದ, ಮತ್ತೊಮ್ಮೆ, ಮೂರನೆಯ ಬಾರಿ. ಕೌಸಲ್ಯಾಬಾಯಿ ಬಾಗಿ ಅವನ ಕೈಯಿಂದ ದಾರ ತೆಗೆದುಕೊಂಡಳು, ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ ಪೋಣಿಸಿಕೊಟ್ಟಳು. ಇಬ್ಬರೂ ಹೊಸ್ತಿಲು ದಾಟಿ ಬೀದಿಗಿಳಿಯುವಷ್ಟರಲ್ಲಿ ಹಿಂದೆ ಯಂತ್ರ ಮತ್ತೆ ಸಪ್ಪಳ ಮಾಡತೊಡಗಿತು.